ಕ್ರಿಸ್ಮಸ್ ಕದ್ದ ಹಬ್ಬವೇ?

ಪ್ರತಿ ವರ್ಷ ಡಿಸೆಂಬರ್ ಇಪ್ಪತ್ತರ ಹೊತ್ತಿಗೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿ ಬಂದು ಬೀಳುತ್ತದೆ. ಡಿಸೆಂಬರ್ 25ರಂದು ಹುಟ್ಟಿದ ದೇವರುಗಳ ಪಟ್ಟಿ. ಈಜಿಪ್ಟಿನ ಹೋರಸ್, ರೋಮನ್ ಸೈನಿಕರು ಪೂಜಿಸುತ್ತಿದ್ದ ಮಿತ್ರ ಎಂಬ ದೇವರು, ಗ್ರೀಕರ ಡಯೊನೈಸಸ್, ಕೊನೆಗೆ ನಮ್ಮ ಕೃಷ್ಣ. ‘ಎಲ್ಲರದ್ದೂ ಒಂದೇ ದಿನ ನೋಡಿ, ಕ್ರಿಸ್ಮಸ್ ಅನ್ನೋದೇ ಕದ್ದ ಹಬ್ಬ’ ಎಂದು ಕೆಳಗೊಂದು ಒಕ್ಕಣೆ.

ಕೃಷ್ಣನ ಹೆಸರು ಕಂಡಾಗಲೇ ಈ ಪಟ್ಟಿಯ ಮೇಲೆ ಅನುಮಾನ ಬರಬೇಕು, ಅಲ್ವಾ? ನಾನು ಬೆಳೆದದ್ದು ಉಡುಪಿಯಲ್ಲಿ. ಕೃಷ್ಣ ಹುಟ್ಟಿದ್ದು ಮಳೆಗಾಲದ ಅಷ್ಟಮಿಯ ನಡುರಾತ್ರಿ ಎಂದು ಅಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಚಕ್ಕುಲಿ, ಉಂಡೆ, ಮರುದಿನದ ವಿಟ್ಲಪಿಂಡಿ, ಹುಲಿವೇಷ, ಇವೆಲ್ಲ ಬರುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ನಮಗೆ ಚೆನ್ನಾಗಿ ಗೊತ್ತಿರುವ ಒಂದು ಹೆಸರಿನಲ್ಲೇ ಪಟ್ಟಿ ಎಡವಿದೆ. ಹಾಗಿರುವಾಗ ಗೊತ್ತಿಲ್ಲದ ಹೆಸರುಗಳನ್ನು ನಂಬುವುದು ಹೇಗೆ? ಮಿತ್ರನ ಕಥೆಯೂ ಅಷ್ಟೇ. ಅವನು ಬಂಡೆಯೊಳಗಿಂದ ಎದ್ದುಬಂದ ದೇವರು. ಆ ದೃಶ್ಯವನ್ನು ಕೆತ್ತಿದ ಕಲ್ಲುಗಳು ಯುರೋಪಿನ ಉದ್ದಗಲಕ್ಕೂ ಸಿಕ್ಕಿವೆ. ಆದರೆ ಅವನು ಹುಟ್ಟಿದ್ದು ಡಿಸೆಂಬರ್ 25ರಂದು ಎನ್ನುವ ಹಳೆಯ ಬರಹ ಒಂದೂ ಇಲ್ಲ.

ಪಟ್ಟಿ ಸುಳ್ಳಾದ ಮಾತ್ರಕ್ಕೆ ಕ್ರಿಸ್ಮಸ್‌ನಲ್ಲಿ ಹಳೆಯ ದೇವರುಗಳ ಕಾಲದ್ದು ಏನೂ ಇಲ್ಲ ಎಂದೇನಲ್ಲ. ಇದೆ. ಆದರೆ ಎಲ್ಲರೂ ಬೊಟ್ಟು ಮಾಡುವ ಕಡೆ ಅದು ಕಡಿಮೆ, ಯಾರೂ ನೋಡದ ಕಡೆ ಜಾಸ್ತಿ. ಇದನ್ನು ಬಿಡಿಸಿಕೊಳ್ಳಲು ನಾನು ಒಂದೇ ಪ್ರಶ್ನೆ ಇಟ್ಟುಕೊಳ್ಳುತ್ತೇನೆ. ಈ ಪದ್ಧತಿ ಬರಹದಲ್ಲಿ ಮೊದಲು ಕಾಣುವುದು ಯಾವ ವರ್ಷ? ಹಳೆಯದಕ್ಕೂ ಹೊಸದಕ್ಕೂ ನಡುವೆ ಸಾವಿರ ವರ್ಷ ಖಾಲಿ ಬಿದ್ದಿದ್ದರೆ, ಎರಡೂ ಒಂದೇ ಎನ್ನುವವರು ಆ ಖಾಲಿ ಜಾಗಕ್ಕೆ ಲೆಕ್ಕ ಕೊಡಬೇಕು.

‘ಪೇಗನ್’ ಎಂಬ ಪದದ್ದೇ ಒಂದು ತಕರಾರಿದೆ. ಲ್ಯಾಟಿನ್‌ನಲ್ಲಿ ‘ಪಾಗಾನುಸ್’ ಅಂದರೆ ಹಳ್ಳಿಯವನು. 4ನೇ ಶತಮಾನದ ಕ್ರೈಸ್ತರು ಹಳೆಯ ದೇವರನ್ನು ಬಿಡದವರಿಗೆಲ್ಲ ಈ ಹೆಸರು ಅಂಟಿಸಿದರು. ಜುಪಿಟರ್‌ಗೆ ಹರಕೆ ಹೊತ್ತವನು ತನ್ನನ್ನು ಪೇಗನ್ ಎಂದು ಕರೆದುಕೊಂಡಿರಲಿಲ್ಲ. ರೋಮಿನ ದೇವಾಲಯ, ನಾರ್ವೆಯ ಓಡಿನ್, ಬ್ರಿಟನ್ನಿನ ಡ್ರೂಯಿಡ್ ಪೂಜಾರಿ ಎಲ್ಲವನ್ನೂ ಒಂದೇ ಗೋಣಿಗೆ ತುಂಬಿದ ಪದ ಅದು. ಇವರಲ್ಲಿ ಒಬ್ಬರ ಹಬ್ಬ ಇನ್ನೊಬ್ಬರದ್ದಲ್ಲ. ಹಾಗಾಗಿ ಒಂದೊಂದು ಊರನ್ನು ಬೇರೆಯಾಗಿಯೇ ನೋಡಬೇಕು.

ರೋಮಿನ ಡಿಸೆಂಬರ್

ರೋಮನ್ನರಿಗೆ ಡಿಸೆಂಬರ್ 17 ಸಾಟರ್ನ್ ದೇವರ ಹಬ್ಬ. ಇಂಗ್ಲಿಷಿನ ಶನಿವಾರಕ್ಕೂ ಶನಿಗ್ರಹಕ್ಕೂ ಹೆಸರು ಕೊಟ್ಟವನು ಇವನೇ. ಆದರೆ ನಮ್ಮ ಶನಿಮಹಾತ್ಮನ ಹಾಗೆ ಹೆದರಿಸುವವನಲ್ಲ. ಬಿತ್ತನೆಯ ದೇವರು. ಅವನು ಆಳುತ್ತಿದ್ದ ಕಾಲದಲ್ಲಿ ಒಡೆಯ-ಆಳು ಎಂಬ ಭೇದವೇ ಇರಲಿಲ್ಲ ಎಂದು ನಂಬಿಕೆ. ವರ್ಷವಿಡೀ ಅವನ ಮೂರ್ತಿಯ ಕಾಲಿಗೆ ಉಣ್ಣೆಯ ದಾರ ಕಟ್ಟಿರುತ್ತಿದ್ದರು. ಹಬ್ಬದ ದಿನ ಮಾತ್ರ ಬಿಚ್ಚುತ್ತಿದ್ದರು.

ದೇವರ ಕಾಲಿನ ಕಟ್ಟು ಬಿಚ್ಚಿದ ಮೇಲೆ ಊರಿನ ಕಟ್ಟೂ ಸಡಿಲ. ಕೋರ್ಟು, ಶಾಲೆ ಬಂದ್. ಬೇರೆ ದಿನ ಕಾನೂನಿಗೆ ವಿರುದ್ಧವಾದ ಜೂಜು ಆಗ ಬೀದಿಯಲ್ಲೇ ನಡೆಯುತ್ತಿತ್ತು. ದೊಡ್ಡವರು ಟೋಗಾ ಎಂಬ ಗೌರವದ ಉಡುಪು ತೆಗೆದಿಟ್ಟು, ಬಿಡುಗಡೆಯಾದ ಗುಲಾಮರು ಹಾಕುವ ಟೋಪಿ ಹಾಕಿಕೊಳ್ಳುತ್ತಿದ್ದರು. ಊಟಕ್ಕೆ ಗುಲಾಮರೂ ಒಡೆಯರ ಜೊತೆ ಕೂರುತ್ತಿದ್ದರು, ಕೆಲವು ಮನೆಗಳಲ್ಲಿ ಅವರದ್ದೇ ಮೊದಲ ಪಂಕ್ತಿ. ಒಂದು ದಿನದ ಹಬ್ಬ ಬೆಳೆದು ಬೆಳೆದು ವಾರದವರೆಗೆ ಹಿಗ್ಗಿತು. ಮೊದಲು ಡಿಸೆಂಬರ್ ಅನ್ನೋದು ಒಂದು ತಿಂಗಳಾಗಿತ್ತು, ಈಗ ವರ್ಷವೇ ಆಗಿಬಿಟ್ಟಿದೆ ಎಂಬ ಗೊಣಗಾಟವನ್ನು ತತ್ವಜ್ಞಾನಿ ಸೆನೆಕಾ ಒಂದು ಕಾಗದದಲ್ಲಿ ಬರೆದಿದ್ದಾನೆ. ಪ್ಲಿನಿ ಎಂಬ ಶ್ರೀಮಂತ ವಕೀಲನಿಗೆ ಸಮುದ್ರದ ದಂಡೆಯಲ್ಲಿ ಬಂಗಲೆ ಇತ್ತು. ಹಬ್ಬದ ಗದ್ದಲ ಶುರುವಾದರೆ ಅವನು ಮೂಲೆಯ ಕೋಣೆ ಸೇರುತ್ತಿದ್ದ. ಅವರ ಆಟಕ್ಕೆ ನಾನು ಅಡ್ಡಿಯಾಗುವುದಿಲ್ಲ, ನನ್ನ ಓದಿಗೆ ಅವರೂ ಅಡ್ಡಿಯಾಗುವುದಿಲ್ಲ ಎನ್ನುವುದು ಅವನ ಸಮಾಧಾನ. ಇಂಥವರು ನಮ್ಮ ಮನೆಗಳಲ್ಲೂ ಒಬ್ಬರಾದರೂ ಇರುತ್ತಾರೆ.

ಉಡುಗೊರೆಯೂ ಇತ್ತು. ಮೇಣದ ಬತ್ತಿ, ಮಣ್ಣಿನ ಪುಟ್ಟ ಬೊಂಬೆ ಮಾಮೂಲು. ಮಾರ್ಷಿಯಲ್ ಎಂಬ ಕವಿ ಒಂದೊಂದು ಉಡುಗೊರೆಗೂ ಎರಡೆರಡು ಸಾಲು ಪದ್ಯ ಕಟ್ಟಿ ಒಂದು ಪುಸ್ತಕವನ್ನೇ ತುಂಬಿಸಿದ. ಅದರಲ್ಲಿ ಬರೆಯುವ ಹಲಗೆ ಇದೆ, ದಾಳ ಇದೆ, ಹಲ್ಲುಕಡ್ಡಿ ಇದೆ, ಒಂದು ಗಿಣಿಯೂ ಇದೆ.

ಚೀಟಿ ಎತ್ತಿ ಒಬ್ಬನನ್ನು ಹಬ್ಬದ ‘ರಾಜ’ನಾಗಿ ಮಾಡುವ ಆಟವೂ ಇತ್ತು. ಅವನು ಹೇಳಿದ್ದನ್ನು ಎಲ್ಲರೂ ಮಾಡಬೇಕು. ಇತಿಹಾಸಕಾರ ಟಾಸಿಟಸ್ ಒಂದು ಪ್ರಸಂಗ ಹೇಳುತ್ತಾನೆ. ಕ್ರಿ.ಶ. 54ರ ಡಿಸೆಂಬರ್. ಹದಿಹರೆಯದ ನೀರೋ ಆಗಷ್ಟೇ ಚಕ್ರವರ್ತಿಯಾಗಿದ್ದ. ಆಟದಲ್ಲೂ ಚೀಟಿ ಅವನಿಗೇ ಬಂತು. ಉಳಿದ ಹುಡುಗರಿಗೆ ಸುಮ್ನೆ ಸಣ್ಣಪುಟ್ಟ ಕೆಲಸ ಹೇಳಿದ. ಮಲತಮ್ಮ ಬ್ರಿಟಾನಿಕಸ್‌ಗೆ ಮಾತ್ರ ನಡುವೆ ನಿಂತು ಹಾಡು ಅಂದ. ಹುಡುಗ ತಡವರಿಸಿ ನಗೆಪಾಟಲಾಗಲಿ ಎಂದು ಎಣಿಕೆ. ಆದರೆ ಅವನು ಅಪ್ಪನ ಸಿಂಹಾಸನದಿಂದ ತಳ್ಳಿಸಿಕೊಂಡವನ ಹಾಡನ್ನೇ ಹಾಡಿದ. ಅಲ್ಲಿದ್ದವರ ಮನಸ್ಸು ಕರಗಿತು. ಕೆಲವೇ ವಾರಗಳಲ್ಲಿ ಬ್ರಿಟಾನಿಕಸ್ ಊಟದ ಮೇಜಿನಲ್ಲೇ ವಿಷಕ್ಕೆ ಬಲಿಯಾದ.

ಇವತ್ತು ಫ್ರಾನ್ಸಿನಲ್ಲಿ ಜನವರಿ 6ಕ್ಕೆ ‘ರಾಜರ ಕೇಕ್’ ತಿನ್ನುತ್ತಾರೆ. ಒಳಗೆ ಅಡಗಿಸಿದ ಬೀಜ (ಈಗ ಹೆಚ್ಚಾಗಿ ಪುಟ್ಟ ಬೊಂಬೆ) ಯಾರ ತುಂಡಿನಲ್ಲಿ ಸಿಗುತ್ತದೋ ಅವರು ಆ ದಿನದ ರಾಜ. ರೋಮಿನ ಆಟವೇ ಇಲ್ಲಿಗೆ ಬಂದಿದೆ ಎಂದು ಹೇಳುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಬೀಜದ ರಾಜ ದಾಖಲೆಗಳಲ್ಲಿ ಕಾಣಿಸಿಕೊಳ್ಳುವುದು ಮಧ್ಯಯುಗದ ಕೊನೆಯ ಭಾಗದಲ್ಲಿ. ನಡುವೆ ಹಲವು ನೂರು ವರ್ಷಗಳ ಮೌನ. ಆಟ ಎಲ್ಲೋ ಒಳಗೊಳಗೇ ಉಳಿದಿರಬಹುದು. ಇಲ್ಲವೇ, ಕೆಲಸವಿಲ್ಲದ ಚಳಿಗಾಲದಲ್ಲಿ ಒಬ್ಬನನ್ನು ಸುಳ್ಳು ರಾಜ ಮಾಡಿ ಮಜಾ ನೋಡುವುದು ಎರಡು ಸಲ ಹೊಸದಾಗಿಯೇ ಹೊಳೆದಿರಬಹುದು.

ಸಾಟರ್ನ್‌ನ ಹಬ್ಬ ಹೆಸರು ಬದಲಿಸಿಕೊಂಡು ಕ್ರಿಸ್ಮಸ್ ಆಯಿತೇ? ದಿನಗಳೇ ಕೂಡಿಬರುವುದಿಲ್ಲ. ಅದು ಮುಗಿಯುತ್ತಿದ್ದದ್ದು 23ಕ್ಕೆ. ಅಷ್ಟೇ ಅಲ್ಲ, ಕ್ರೈಸ್ತರದ್ದೇ ಆಡಳಿತವಿದ್ದ 5ನೇ ಶತಮಾನದ ನಡುವೆ ಬರೆದ ಒಂದು ಪಂಚಾಂಗದಲ್ಲಿ ಹಳೆಯ ಹಬ್ಬದ ಜಾಗದಲ್ಲಿ ‘ಆಳುಗಳ ರಜೆ’ ಎಂದಿದೆ. ದೇವರು ಹೋಗಿದ್ದಾನೆ, ರಜೆ ಉಳಿದಿದೆ.

ನಿಜವಾಗಿ ದಾರ ಕಡಿಯದೆ ಬಂದದ್ದು ಜನವರಿ 1ರ ಉಡುಗೊರೆ. ಹೊಸ ವರ್ಷಕ್ಕೆ ರೋಮನ್ನರು ಅಂಜೂರ, ಖರ್ಜೂರ, ಜೇನು, ನಾಣ್ಯ ಕೊಡುತ್ತಿದ್ದರು. ವರ್ಷವೆಲ್ಲ ಸಿಹಿಯಾಗಿರಲಿ ಎಂದು. ನಮ್ಮ ಎಳ್ಳು-ಬೆಲ್ಲದ ಹಾಗೆಯೇ. ಅದಕ್ಕೆ ‘ಸ್ಟ್ರೇನಾ’ ಎಂದು ಹೆಸರು. ಪಾದ್ರಿಗಳು ಇದರ ವಿರುದ್ಧ ಗಂಟಲು ಹರಿದುಕೊಂಡರು. ಅವರು ಸ್ಟ್ರೇನಾ ಕೊಡಲಿ, ನೀವು ಬಡವರಿಗೆ ಭಿಕ್ಷೆ ಕೊಡಿ ಎಂದು ಸಂತ ಆಗಸ್ಟೀನ್ ಉಪದೇಶ ಮಾಡಿದ. ಯಾರು ಕೇಳಿದರು? ಇವತ್ತಿಗೂ ಫ್ರೆಂಚರು ಹೊಸ ವರ್ಷದ ಇನಾಮಿಗೆ ‘ಎತ್ರೆನ್’ ಅನ್ನುತ್ತಾರೆ, ಇಟಲಿಯವರು ‘ಸ್ಟ್ರೆನ್ನಾ’ ಅನ್ನುತ್ತಾರೆ. ಎರಡು ಸಾವಿರ ವರ್ಷ ಒಂದು ಪದ ಮತ್ತು ಒಂದು ಅಭ್ಯಾಸ ಒಟ್ಟೊಟ್ಟಿಗೆ ನಡೆದು ಬಂದಿವೆ. ವಾಟ್ಸಾಪ್ ಪಟ್ಟಿಯಲ್ಲಿ ಇದರ ಸುದ್ದಿಯೇ ಇರುವುದಿಲ್ಲ.

ಒಂದೇ ಪುಸ್ತಕದ ಎರಡು ಪುಟ

ಈಗ ತಾರೀಖಿಗೆ ಬರೋಣ. ಯೇಸು ಹುಟ್ಟಿದ ದಿನ ಬೈಬಲಿನಲ್ಲಿಲ್ಲ. ತಿಂಗಳೂ ಇಲ್ಲ. ಮೊದಲ ಇನ್ನೂರು ವರ್ಷ ಕ್ರೈಸ್ತರು ಅದನ್ನು ಅಷ್ಟಾಗಿ ಹುಡುಕಲೂ ಇಲ್ಲ. ಬೈಬಲಿನಲ್ಲಿ ಹುಟ್ಟುಹಬ್ಬ ಆಚರಿಸಿಕೊಂಡವರು ಫೇರೋ ಮತ್ತು ಹೆರೋದನಂಥ ಪಾಪಿಗಳು ಮಾತ್ರ ಎಂದು ಓರಿಜೆನ್ ಎಂಬ ಪಂಡಿತ ಮೂಗು ಮುರಿದಿದ್ದ. ಸುಮಾರು 200ನೇ ಇಸವಿಯಲ್ಲಿ ಅಲೆಕ್ಸಾಂಡ್ರಿಯಾದ ಕ್ಲೆಮೆಂಟ್ ಯಾರ್ಯಾರು ಯಾವ ದಿನ ಹೇಳುತ್ತಾರೆ ಎಂದು ಬರೆದಿಟ್ಟ. ಅದರಲ್ಲಿ ಏಪ್ರಿಲ್ ಇದೆ, ಮೇ ಇದೆ. ಡಿಸೆಂಬರ್ 25 ಇಲ್ಲ.

ಆ ದಿನ ಖಚಿತವಾಗಿ ಕಾಣಿಸುವುದು ರೋಮಿನಲ್ಲಿ, 354ರಲ್ಲಿ ಒಬ್ಬ ಸಿರಿವಂತನಿಗೆಂದು ಮಾಡಿದ ಚಿತ್ರದ ಪಂಚಾಂಗದಲ್ಲಿ. ಅದರಲ್ಲಿ ಹಲವು ಪಟ್ಟಿಗಳಿವೆ. ಹುತಾತ್ಮರ ನೆನಪಿನ ದಿನಗಳ ಪಟ್ಟಿಯ ಆರಂಭದಲ್ಲೇ, ಡಿಸೆಂಬರ್ 25ರ ಮುಂದೆ, ಕ್ರಿಸ್ತನು ಯೂದಾಯದ ಬೆತ್ಲೆಹೇಮಿನಲ್ಲಿ ಹುಟ್ಟಿದ ಎಂದಿದೆ. ಆ ಪಟ್ಟಿ 336ರದ್ದು. ಅದೇ ಪುಸ್ತಕದ ಇನ್ನೊಂದು ಪುಟದಲ್ಲಿ ರೋಮಿನ ಸರಕಾರಿ ಹಬ್ಬಗಳಿವೆ. ಅಲ್ಲಿ ಅದೇ ಡಿಸೆಂಬರ್ 25ರ ಮುಂದೆ ‘ಅಜೇಯನ ಜನ್ಮದಿನ, 30 ರಥದ ಓಟ’ ಎಂದಿದೆ. ಅಜೇಯ ಅಂದರೆ ಸೋಲಿಲ್ಲದ ಸೂರ್ಯ, ಸೋಲ್ ಇನ್ವಿಕ್ಟಸ್.

ಚಕ್ರವರ್ತಿ ಔರೇಲಿಯನ್ 274ರಲ್ಲಿ ಈ ಸೂರ್ಯನಿಗೆ ರೋಮಿನಲ್ಲಿ ದೊಡ್ಡ ಗುಡಿ ಕಟ್ಟಿಸಿದ. ಗುಡಿ ತೆರೆದದ್ದೇ ಡಿಸೆಂಬರ್ 25ರಂದು, ಕ್ರೈಸ್ತರು ಆ ದಿನವನ್ನು ಹಾರಿಸಿಕೊಂಡು ಹೋದರು ಎನ್ನುವುದು ಪ್ರಚಾರದಲ್ಲಿರುವ ಕಥೆ. ಆದರೆ ಗುಡಿ ತೆರೆದ ದಿನವನ್ನು ಆ ಕಾಲದ ಯಾರೂ ಬರೆದಿಟ್ಟಿಲ್ಲ. ಸೂರ್ಯನ ಹುಟ್ಟುಹಬ್ಬ ಡಿಸೆಂಬರ್ 25 ಎನ್ನುವುದಕ್ಕೆ ಮೊದಲ ಗಟ್ಟಿ ದಾಖಲೆಯೂ ಇದೇ 354ರ ಪುಸ್ತಕ. ಯೇಸುವಿನದ್ದಕ್ಕೂ ಅದೇ. ಹಿರಿಯ ಯಾರು, ಕಿರಿಯ ಯಾರು ಎಂದು ಆ ಎರಡು ಪುಟ ಹೇಳುವುದಿಲ್ಲ.

ವಿದ್ವಾಂಸರಲ್ಲಿ ಎರಡು ಪಕ್ಷ. ತಮಾಷೆ ಅಂದರೆ ಎರಡೂ ಪುಸ್ತಕರೂಪದಲ್ಲಿ ಬಂದದ್ದು ಒಂದೇ ವರ್ಷ, 1889ರಲ್ಲಿ. ಜರ್ಮನಿಯ ಹೆರ್ಮನ್ ಉಸೆನರ್, ಸೂರ್ಯನ ಹಬ್ಬದ ಜಾಗಕ್ಕೆ ಕ್ರಿಸ್ತನ ಹಬ್ಬ ಬಂತು ಎಂದ. ಫ್ರಾನ್ಸಿನ ಲೂಯಿ ದುಶೆನ್, ಇದು ಲೆಕ್ಕ ಹಾಕಿ ತೆಗೆದ ದಿನ ಎಂದ. ಅವನ ಲೆಕ್ಕ ಸರಳ. ಯೇಸುವನ್ನು ಶಿಲುಬೆಗೆ ಏರಿಸಿದ್ದು ಮಾರ್ಚ್ 25 ಎಂದು 200ರ ಹೊತ್ತಿಗೇ ಟೆರ್ಟುಲಿಯನ್ ಎಂಬ ಕ್ರೈಸ್ತ ಲೇಖಕ ಬರೆದಿದ್ದ. ಯೇಸು ತಾಯಿಯ ಗರ್ಭಕ್ಕೆ ಬಂದದ್ದೂ ಅದೇ ದಿನ ಎಂಬ ನಂಬಿಕೆ ಇತ್ತು. ಗರ್ಭಕ್ಕೆ ಬಂದದ್ದಕ್ಕೂ ಸತ್ತದ್ದಕ್ಕೂ ನಡುವೆ ಪೂರ್ತಿ ವರ್ಷಗಳೇ ಇರಬೇಕಲ್ಲ. ಮಾರ್ಚ್ 25ಕ್ಕೆ ಒಂಬತ್ತು ತಿಂಗಳು ಸೇರಿಸಿ. ಡಿಸೆಂಬರ್ 25 ಬಂತು. ಪೂರ್ವದ ಕೆಲವು ಕ್ರೈಸ್ತರು ಶಿಲುಬೆಯ ದಿನವನ್ನು ಏಪ್ರಿಲ್ 6 ಎಂದರು. ಅವರ ಪ್ರಕಾರ ಹುಟ್ಟು ಜನವರಿ 6. ಆರ್ಮೇನಿಯಾದ ಚರ್ಚಿನಲ್ಲಿ ಈಗಲೂ ಜನವರಿ 6ರಂದೇ ಕ್ರಿಸ್ಮಸ್.

ನನಗೆ ದುಶೆನ್‌ನ ಲೆಕ್ಕ ಅರ್ಧ ಮಾತ್ರ ಸಾಕಾಗುತ್ತದೆ. ಮಾರ್ಚ್ 25 ಎಲ್ಲಿಂದ ಬಂತು? ಅದು ರೋಮನ್ನರ ವಾಡಿಕೆಯಲ್ಲಿ ಹಗಲು-ರಾತ್ರಿ ಸಮನಾಗುವ ದಿನ. ಡಿಸೆಂಬರ್ 25 ವರ್ಷದ ಅತಿ ಚಿಕ್ಕ ಹಗಲಿನ ದಿನ. ಅಂದರೆ ಗರ್ಭದಿಂದ ಲೆಕ್ಕ ಹಿಡಿದರೂ ಕೊನೆಗೆ ಸೂರ್ಯನ ದಾರಿಯಲ್ಲೇ ನಡೆದಂತಾಯಿತು. ಕ್ರೈಸ್ತರು ಇದನ್ನು ಮುಚ್ಚಿಡಲೂ ಇಲ್ಲ. ಬೈಬಲಿನಲ್ಲಿ ಸ್ನಾನಿಕ ಯೋಹಾನ ಯೇಸುವಿನ ಬಗ್ಗೆ, ಅವನು ಹೆಚ್ಚಬೇಕು, ನಾನು ಕಡಿಮೆಯಾಗಬೇಕು ಎನ್ನುತ್ತಾನೆ. ಯೋಹಾನನ ಹಬ್ಬ ಜೂನ್ 24, ಹಗಲು ಕುಗ್ಗತೊಡಗುವ ಹೊತ್ತು. ಯೇಸುವಿನದು ಹಗಲು ಹಿಗ್ಗತೊಡಗುವ ಹೊತ್ತು. ಆಗಸ್ಟೀನ್ ಇದನ್ನು ಪ್ರವಚನದಲ್ಲಿ ಖುಷಿಯಿಂದ ವಿವರಿಸುತ್ತಾನೆ. ಜೊತೆಗೇ, ನಾವು ಆಚರಿಸುವುದು ಸೂರ್ಯನಿಗಾಗಿ ಅಲ್ಲ, ಸೂರ್ಯನನ್ನು ಮಾಡಿದವನಿಗಾಗಿ ಎಂದು ಎಚ್ಚರಿಸುತ್ತಾನೆ. ವ್ಯಾಟಿಕನ್ನಿನ ಕೆಳಗಿರುವ ಹಳೆಯ ಸ್ಮಶಾನದ ಒಂದು ಗೋರಿಯಲ್ಲಿ ತಲೆಯ ಸುತ್ತ ಕಿರಣಗಳಿರುವ, ರಥವೇರಿದ ಕ್ರಿಸ್ತನ ಚಿತ್ರವೇ ಇದೆ.

ಎಚ್ಚರಿಕೆ ಬೇಕಾಗಿತ್ತು ಕೂಡ. ಸುಮಾರು 450ರಲ್ಲಿ ಪೋಪ್ ಲಿಯೊ ಒಂದು ಕ್ರಿಸ್ಮಸ್ ಪ್ರವಚನದಲ್ಲಿ ಸಿಡಿಮಿಡಿಗೊಳ್ಳುತ್ತಾನೆ. ಜನ ಸಂತ ಪೀಟರನ ಚರ್ಚಿನ ಮೆಟ್ಟಿಲು ಹತ್ತುತ್ತಾರೆ. ಮೇಲೆ ಹೋಗಿ, ಒಳಗೆ ಕಾಲಿಡುವ ಮೊದಲು ಹಿಂದಕ್ಕೆ ತಿರುಗಿ ಉದಯಿಸುವ ಸೂರ್ಯನಿಗೆ ತಲೆ ಬಾಗುತ್ತಾರೆ! ಅವರಿಗೆ ಅದರಲ್ಲಿ ವಿರೋಧವೇನೂ ಕಾಣುತ್ತಿರಲಿಲ್ಲ.

ಇನ್ನೊಂದು ತೊಡಕು. ಹಗಲು ಅತಿ ಚಿಕ್ಕದಾಗುವುದು ನಿಜವಾಗಿ ಡಿಸೆಂಬರ್ 21 ಅಥವಾ 22ಕ್ಕೆ. ಜೂಲಿಯಸ್ ಸೀಸರ್‌ನ ಕ್ಯಾಲೆಂಡರ್ ನಾನೂರು ವರ್ಷಕ್ಕೆ ಮೂರು ದಿನದಂತೆ ಜಾರುತ್ತಿತ್ತು. ಹಾಗಾಗಿ 4ನೇ ಶತಮಾನದಲ್ಲೇ ಆಕಾಶ ಒಂದು ದಿನ, ವಾಡಿಕೆ ಇನ್ನೊಂದು ದಿನ. ನಮಗೆ ಇದು ಹೊಸತೇನಲ್ಲ. ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರ್‌ನಲ್ಲಿ, ನಾವು ಉತ್ತರಾಯಣ ಪುಣ್ಯಕಾಲ ಎಂದು ಎಳ್ಳು ಬೀರುವುದು ಜನವರಿ 14-15ಕ್ಕೆ. ಕಾರಣ ಬೇರೆ, ನಮ್ಮ ಪಂಚಾಂಗ ನಕ್ಷತ್ರವನ್ನು ಹಿಡಿದು ಎಣಿಸುತ್ತದೆ. ಆದರೆ ಜನ ಹಬ್ಬದ ತಾರೀಖನ್ನು ಬಿಡುವುದಿಲ್ಲ, ಸೂರ್ಯನನ್ನು ಬೇಕಾದರೆ ಬಿಟ್ಟಾರು.

ಬಿಯರ್ ಮುಗಿಯುವವರೆಗೆ

ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಹಗಲು ಹನ್ನೊಂದು ಗಂಟೆಗೂ ಜಾಸ್ತಿ ಇರುತ್ತದೆ. ರೋಮಿನಲ್ಲಿ ಸುಮಾರು ಒಂಬತ್ತು. ಸ್ಟಾಕ್‌ಹೋಮಿನಲ್ಲಿ ಆರು. ಅಲ್ಲಿಂದ ಇನ್ನೂ ಉತ್ತರಕ್ಕೆ ಹೋದರೆ ಸೂರ್ಯ ಏಳುವುದೇ ಇಲ್ಲ. ಅಲ್ಲಿನವರ ಚಳಿಗಾಲದ ಹಬ್ಬ ಅರ್ಥವಾಗಬೇಕಾದರೆ ಮೊದಲು ಈ ಕತ್ತಲೆ ನೆನಪಿರಬೇಕು. ಇನ್ನೊಂದು, ಕೊಟ್ಟಿಗೆ. ನವೆಂಬರ್ ಹೊತ್ತಿಗೆ ಮೇವು ಮುಗಿಯುತ್ತಾ ಬರುತ್ತದೆ. ಎಲ್ಲ ದನ, ಹಂದಿಗಳನ್ನು ಚಳಿಗಾಲ ದಾಟಿಸಲು ಆಗದು. ಕಡಿಯಲೇಬೇಕು. ಹಳೆಯ ಇಂಗ್ಲಿಷರು ನವೆಂಬರನ್ನೇ ‘ಬಲಿಯ ತಿಂಗಳು’ ಎಂದು ಕರೆಯುತ್ತಿದ್ದರು ಎಂದು 725ರಲ್ಲಿ ಬೀಡ್ ಎಂಬ ಸನ್ಯಾಸಿ ಬರೆದಿದ್ದಾನೆ. ಮಾಂಸ ಇದೆ, ಹೊಸ ಬಾರ್ಲಿಯ ಬಿಯರ್ ತಯಾರಾಗಿದೆ, ಹೊಲದಲ್ಲಿ ಕೆಲಸವಿಲ್ಲ. ಹಬ್ಬಕ್ಕೆ ಇನ್ನೇನು ಬೇಕು?

ಡಿಸೆಂಬರ್ 24ರ ರಾತ್ರಿಗೆ ಆ ಜನ ‘ತಾಯಂದಿರ ರಾತ್ರಿ’ ಎನ್ನುತ್ತಿದ್ದರು ಎಂದೂ ಬೀಡ್ ಹೇಳುತ್ತಾನೆ. ಆ ರಾತ್ರಿ ಏನು ಮಾಡುತ್ತಿದ್ದರೋ ಅದನ್ನು ಬರೆದಿಲ್ಲ. ಚಳಿಗಾಲದ ಆ ತಿಂಗಳುಗಳಿಗೆ ಅವನು ಕೊಡುವ ಹೆಸರು ‘ಗಿಯುಲಿ’. ಇಂಗ್ಲಿಷಿನ ‘ಯೂಲ್’, ಸ್ವೀಡನ್-ನಾರ್ವೆಯ ‘ಯುಲ್’, ಐಸ್‌ಲ್ಯಾಂಡಿನ ‘ಯೋಲ್’ ಎಲ್ಲ ಒಂದೇ ಬೇರು. ಇಂದಿಗೂ ಸ್ವೀಡನ್, ನಾರ್ವೆ, ಐಸ್‌ಲ್ಯಾಂಡಿನಲ್ಲಿ ಕ್ರಿಸ್ಮಸ್‌ಗೆ ಕ್ರಿಸ್ತನ ಹೆಸರೇ ಇಲ್ಲ. ಯುಲ್ ಎಂದೇ ಕರೆಯುವುದು.

ಹಬ್ಬ ಹೇಗೆ ಕೂಡಿಕೊಂಡಿತು ಎನ್ನುವುದಕ್ಕೆ ಅತ್ಯಂತ ಚಂದದ ಕಥೆ ನಾರ್ವೆಯದ್ದು. 10ನೇ ಶತಮಾನದ ರಾಜ ಹಾಕೋನ್ ಇಂಗ್ಲೆಂಡಿನಲ್ಲಿ ಬೆಳೆದು ಕ್ರೈಸ್ತನಾಗಿ ಊರಿಗೆ ಮರಳಿದ. ಪ್ರಜೆಗಳು ಹಳೆಯ ದೇವರ ಒಕ್ಕಲು. ಅವರ ಯೂಲ್ ಬರುತ್ತಿದ್ದದ್ದು ಚಳಿಗಾಲದ ನಟ್ಟನಡುವಿನ ರಾತ್ರಿ, ಕ್ರಿಸ್ಮಸ್ ಕಳೆದ ಮೇಲೆ. ಇವನು ಕಾನೂನು ಮಾಡಿದ. ಯೂಲ್ ಇನ್ನು ಮೇಲೆ ಕ್ರೈಸ್ತರ ಹಬ್ಬದ ದಿನವೇ ಶುರುವಾಗಬೇಕು. ಪ್ರತಿಯೊಬ್ಬ ಮನೆಯವನೂ ಇಷ್ಟು ಅಂತ ಬಿಯರ್ ಕಾಯಿಸಬೇಕು. ಅದು ಮುಗಿಯುವವರೆಗೆ ಕೆಲಸ ಮಾಡಬಾರದು. ಪೂಜೆಯ ತಂಟೆಗೆ ಹೋಗದೆ ತಾರೀಖನ್ನು ಮಾತ್ರ ಸರಿಸಿದ. ಜಾಣ.

ಆದರೆ ರೈತರೂ ದಡ್ಡರಲ್ಲ. ಬಲಿಯ ಊಟಕ್ಕೆ ಬಂದು ಕುದುರೆ ಮಾಂಸ ತಿನ್ನು ಎಂದು ಪಟ್ಟು ಹಿಡಿದರು. ಕ್ರೈಸ್ತನಿಗೆ ಅದು ನಿಷೇಧ. ಕುಡಿಯುವ ಕೊಂಬಿನ ಮೇಲೆ ಅವನು ಶಿಲುಬೆಯ ಗುರುತು ಮಾಡಿದಾಗ ಜನ ಗುರ್ ಎಂದರು. ಜೊತೆಗಿದ್ದ ಸಿಗುರ್ಡ್ ಎಂಬ ಸರದಾರ, ಅದು ಶಿಲುಬೆಯಲ್ಲ, ನಮ್ಮ ದೇವರು ಥಾರ್‌ನ ಸುತ್ತಿಗೆಯ ಗುರುತು ಎಂದು ಸಮಾಧಾನ ಮಾಡಿದ. ಕೊನೆಗೆ ಒಂದು ಯೂಲ್ ಊಟದಲ್ಲಿ ರಾಜ ಕುದುರೆಯ ಪಿತ್ತಜನಕಾಂಗದ ಕೆಲವು ಚೂರು ತಿನ್ನಲೇಬೇಕಾಯಿತು. ಇದನ್ನು ಬರೆದದ್ದು ಐಸ್‌ಲ್ಯಾಂಡಿನ ಸ್ನೋರಿ, ಸುಮಾರು 1230ರಲ್ಲಿ. ನಡುವೆ ಮುನ್ನೂರು ವರ್ಷ ಬಾಯಿಂದ ಬಾಯಿಗೆ ಬಂದ ಕಥೆಗೆ ಉಪ್ಪು-ಖಾರ ಬಿದ್ದಿರುತ್ತದೆ. ಆದರೂ ಇಲ್ಲಿ ಯಾರು ಯಾರಿಂದ ಕದ್ದರು ಎಂದು ಹೇಳಿ ನೋಡೋಣ. ರಾಜ ರೈತರ ಹಬ್ಬವನ್ನು ಎಳೆದುಕೊಂಡ. ರೈತರು ರಾಜನನ್ನೇ ತಮ್ಮ ಪಂಕ್ತಿಗೆ ಎಳೆದುಕೊಂಡರು.

ಚರ್ಚು ಬೇಕೆಂದೇ ಹೀಗೆ ಮಾಡಿದ್ದಕ್ಕೂ ದಾಖಲೆ ಇದೆ. 601ರಲ್ಲಿ ಪೋಪ್ ಗ್ರೆಗರಿ, ಇಂಗ್ಲೆಂಡಿಗೆ ಹೊರಟಿದ್ದ ಮೆಲಿಟಸ್ ಎಂಬ ಪಾದ್ರಿಗೆ ಕಾಗದ ಬರೆದ. ಗುಡಿಗಳನ್ನು ಕೆಡವಬೇಡಿ, ಮೂರ್ತಿ ತೆಗೆದು ಪವಿತ್ರ ನೀರು ಚಿಮುಕಿಸಿ ಚರ್ಚು ಮಾಡಿಕೊಳ್ಳಿ. ಎತ್ತು ಬಲಿ ಕೊಡುವ ರೂಢಿಯಿದ್ದರೆ ಸಂತರ ಹಬ್ಬದ ದಿನ ಎತ್ತು ಕಡಿದು ಊಟ ಮಾಡಲಿ, ದೇವರಿಗೆ ವಂದಿಸಲಿ. ಮೇಲೆ ಹತ್ತುವವನು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು, ಹಾರಿ ಅಲ್ಲ ಎನ್ನುವುದು ಅವನ ವಾದ. ಕಾಗದದಲ್ಲಿ ಕ್ರಿಸ್ಮಸ್ ಎಂಬ ಮಾತಿಲ್ಲ, ಆದರೆ ರೀತಿ ಅದೇ.

ಕರಾವಳಿಯವರಿಗೆ ಈ ರೀತಿ ಪುಸ್ತಕದಿಂದ ತಿಳಿಯಬೇಕಾದ್ದಲ್ಲ. ಸೆಪ್ಟೆಂಬರ್ 8 ಮರಿಯಮ್ಮನವರ ಹುಟ್ಟುಹಬ್ಬ. ಮಂಗಳೂರು, ಉಡುಪಿಯ ಕೊಂಕಣಿ ಕ್ಯಾಥೊಲಿಕರಿಗೆ ಅದೇ ಮೊಂತಿ ಫೆಸ್ತ್, ತೆನೆ ಹಬ್ಬ. ಮಕ್ಕಳು ಹೂವು ಒಯ್ದು ಮಾತೆಯ ಮೂರ್ತಿಗೆ ಹಾಕುತ್ತಾರೆ. ಚರ್ಚಿನಲ್ಲಿ ಆಶೀರ್ವದಿಸಿದ ಭತ್ತದ ತೆನೆ ಮನೆಗೆ ಬರುತ್ತದೆ. ಹೊಸ ಅಕ್ಕಿ ಬೆರೆಸಿ, ಬಾಳೆಲೆಯ ಮೇಲೆ ಮೀನು-ಮಾಂಸವಿಲ್ಲದ ಊಟ. ಪಕ್ಕದ ಹಿಂದೂ ಮನೆಯಲ್ಲೂ ತೆನೆ ಕಟ್ಟಿ ಹೊಸ ಅಕ್ಕಿ ಊಟ ಮಾಡುತ್ತಾರೆ. ಗದ್ದೆ ಎಲ್ಲರಿಗೂ ಒಂದೇ ಕಾಲಕ್ಕೆ ತೆನೆ ಬಿಡುತ್ತದೆಯಲ್ಲ.

ಹಳೆಯದೆಂದು ಕಾಣುವ ಹೊಸದು

ಇನ್ನು ಮರ. ಕ್ರಿಸ್ಮಸ್ ಮರ ಅಂದರೆ ಪೇಗನ್ ಮರಪೂಜೆ ಎನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ನನ್ನ ಪ್ರಶ್ನೆ ಕೇಳಿ ನೋಡಿ, ಮೊದಲ ದಾಖಲೆ ಯಾವಾಗಿನದು? ಮನೆಯೊಳಗೆ ಸಿಂಗರಿಸಿದ ಮರದ ಒಳ್ಳೆಯ ವರ್ಣನೆ ಸಿಗುವುದು 1605ರಲ್ಲಿ, ಸ್ಟ್ರಾಸ್‌ಬರ್ಗ್ ಪಟ್ಟಣದಿಂದ. ಬಣ್ಣದ ಕಾಗದದ ಗುಲಾಬಿ, ಸೇಬು, ತೆಳು ಬಿಸ್ಕತ್ತು, ಸಕ್ಕರೆ ಮಿಠಾಯಿ ತೂಗಿಸುತ್ತಿದ್ದರಂತೆ. ಅದಕ್ಕೂ ಹಿಂದೆ, 15-16ನೇ ಶತಮಾನದಲ್ಲಿ, ಬಾಲ್ಟಿಕ್ ತೀರದ ವ್ಯಾಪಾರಿ ಸಂಘಗಳು ಮರ ನಿಲ್ಲಿಸಿದ ಸುದ್ದಿ ಸಿಗುತ್ತದೆ. ಅಷ್ಟೊತ್ತಿಗೆ ಆ ಊರುಗಳು ಕ್ರೈಸ್ತವಾಗಿ ತಲೆಮಾರುಗಳೇ ಕಳೆದಿದ್ದವು. ಸೇಬು ಯಾಕೆ? ಡಿಸೆಂಬರ್ 24 ಜರ್ಮನಿಯ ಕಡೆ ಆದಾಮ-ಹವ್ವರ ದಿನ. ಅಂದು ಆಡುತ್ತಿದ್ದ ನಾಟಕಕ್ಕೆ ಏದೆನ್ ತೋಟದ ಮರ ಬೇಕು. ಆ ಚಳಿಯಲ್ಲೂ ಹಸಿರಾಗಿ ಸಿಗುವುದು ಫರ್‌ನಂಥ ಮರ. ಅದಕ್ಕೇ ಸೇಬು ಕಟ್ಟಿದರು. ನಾಟಕದ ಮರವೇ ಮನೆಗೆ ಬಂತು ಎಂದು ಹಲವರ ಅಭಿಪ್ರಾಯ, ನನ್ನದೂ ಅದೇ. 1640ರ ದಶಕದಲ್ಲಿ ಸ್ಟ್ರಾಸ್‌ಬರ್ಗಿನ ಒಬ್ಬ ಪ್ರಸಂಗಿಯೇ ಈ ಮಕ್ಕಳಾಟ ಎಲ್ಲಿಂದ ಬಂತೋ ಗೊತ್ತಿಲ್ಲ ಎಂದು ಗೊಣಗಿದ್ದಾನೆ.

ಸಂತ ಬೋನಿಫೇಸ್ 8ನೇ ಶತಮಾನದಲ್ಲಿ ಜರ್ಮನಿಯ ಗೈಸ್ಮಾರಿನಲ್ಲಿ ಸಿಡಿಲ ದೇವರ ಓಕ್ ಮರ ಕಡಿದದ್ದು ನಿಜ. ಆ ಬುಡದಲ್ಲಿ ಪುಟ್ಟ ಫರ್ ಗಿಡ ಚಿಗುರಿತು ಎನ್ನುವುದು ಆಮೇಲೆ ಸೇರಿಸಿದ್ದು. ಅವನ ಹಳೆಯ ಜೀವನಚರಿತ್ರೆಯಲ್ಲಿ ಇರುವುದು ಇಷ್ಟೇ: ಕಡಿದ ಮರದಿಂದ ಪ್ರಾರ್ಥನಾಮಂದಿರ ಕಟ್ಟಿಸಿದ. ಮರ ಜಗತ್ತಿಗೆ ಹಬ್ಬಿದ್ದು ಒಂದು ಚಿತ್ರದಿಂದ. 1848ರಲ್ಲಿ ವಿಕ್ಟೋರಿಯಾ ರಾಣಿ, ಜರ್ಮನಿಯವನಾದ ಗಂಡ ಆಲ್ಬರ್ಟ್, ಮಕ್ಕಳು ಮರದ ಸುತ್ತ ನಿಂತ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಎರಡು ವರ್ಷದ ಮೇಲೆ ಅಮೆರಿಕದ ಪತ್ರಿಕೆಯೊಂದು ಅದೇ ಚಿತ್ರ ಹಾಕಿತು, ರಾಣಿಯ ಕಿರೀಟ ಮತ್ತು ಆಲ್ಬರ್ಟನ ಮೀಸೆ ಅಳಿಸಿ. ಅಮೆರಿಕದ ಮಾಮೂಲಿ ಸಂಸಾರದಂತೆ ಕಾಣಲಿ ಎಂದು.

ಕ್ರಿಸ್ಮಸ್‌ಗೆ ಮಿಸಲ್‌ಟೋ ಎಂಬ ಬಂದಳಿಕೆಯ ಕೆಳಗೆ ಮುತ್ತಿಡುವ ಪದ್ಧತಿಯನ್ನು ಡ್ರೂಯಿಡರ ಲೆಕ್ಕಕ್ಕೆ ಹಾಕುತ್ತಾರೆ. (ಮಾವಿನ ಮರಕ್ಕೆ ಹತ್ತಿಕೊಳ್ಳುವ ನಮ್ಮ ಬಂದಳಿಕೆಯ ನೆಂಟ ಅದು.) ಅವರು ಚಿನ್ನದ ಕುಡುಗೋಲಿನಿಂದ ಓಕ್ ಮರದ ಬಂದಳಿಕೆ ಕೊಯ್ದು, ಎರಡು ಬಿಳಿ ಹೋರಿ ಬಲಿ ಕೊಡುತ್ತಿದ್ದರು ಎಂದು ರೋಮಿನ ಹಿರಿಯ ಪ್ಲಿನಿ (ಬಂಗಲೆಯ ಪ್ಲಿನಿಯ ಸೋದರಮಾವ) ಬರೆದಿದ್ದಾನೆ. ಆದರೆ ಅದು ಚಂದ್ರನ ಆರನೇ ದಿನ ಮಾಡುವ ಕೆಲಸ. ಚಳಿಗಾಲದ ಮಾತಿಲ್ಲ, ಮುತ್ತಿನ ಮಾತಂತೂ ಇಲ್ಲವೇ ಇಲ್ಲ. ಮುತ್ತು ಇಂಗ್ಲೆಂಡಿನಲ್ಲಿ ಕಾಣಿಸಿಕೊಳ್ಳುವುದು 18ನೇ ಶತಮಾನದಲ್ಲಿ.

ಸಾಂಟಾ ಓಡಿನ್ ದೇವರ ವೇಷ ಎನ್ನುವವರಿದ್ದಾರೆ, ಇಬ್ಬರಿಗೂ ಗಡ್ಡ ಇದೆ ಎಂಬುದನ್ನು ಬಿಟ್ಟರೆ ಆಧಾರ ತೆಳು. ಅವನ ದಾರಿ ಸ್ಪಷ್ಟವಾಗಿದೆ: ಈಗಿನ ಟರ್ಕಿಯ ಮೈರಾದ ಬಿಷಪ್ ನಿಕೊಲಸ್, ಡಚ್ಚರ ಸಿಂಟರ್‌ಕ್ಲಾಸ್, 1823ರ ಒಂದು ಅಮೆರಿಕನ್ ಪದ್ಯ, ಆಮೇಲೆ ಥಾಮಸ್ ನಾಸ್ಟ್‌ನ ಚಿತ್ರಗಳು. ಫಿನ್ಲೆಂಡಿನಲ್ಲಿ ಮಾತ್ರ ಸಾಂಟಾನ ಹೆಸರು ‘ಯೋಲುಪುಕ್ಕಿ’. ಅಂದರೆ ಯೂಲ್ ಮೇಕೆ! ಮೇಕೆಯ ಮುಖವಾಡ ಹಾಕಿ ಮನೆಮನೆಗೆ ಹೋಗುತ್ತಿದ್ದವರ ಹೆಸರು, ಕೆಂಪು ಅಂಗಿಯ ಅಜ್ಜನಿಗೆ ಅಂಟಿಕೊಂಡಿದೆ.

ಮೊದಲು ದೂರು ಕೊಟ್ಟವರು

ಕ್ರಿಸ್ಮಸ್ ಪೇಗನ್ ಎಂಬ ಮಾತನ್ನು ಜೋರಾಗಿ ಎತ್ತಿದವರು ಯಾರು? ನಾಸ್ತಿಕರಲ್ಲ, ಬೇರೆ ಧರ್ಮದವರಲ್ಲ. ಕಟ್ಟಾ ಕ್ರೈಸ್ತರೇ. 17ನೇ ಶತಮಾನದ ಪ್ಯೂರಿಟನ್ನರಿಗೆ ಬೈಬಲಿನಲ್ಲಿಲ್ಲದ ಹಬ್ಬ ಹಬ್ಬವೇ ಅಲ್ಲ. ಕುಡಿತ, ಇಸ್ಪೀಟು, ಕುಣಿತವೆಲ್ಲ ರೋಮಿನ ಸಾಟರ್ನ್‌ನ ಹೊಲಸು, ಪೋಪನ ಚರ್ಚು ಅದಕ್ಕೆ ಕ್ರಿಸ್ತನ ಹೆಸರು ಹಚ್ಚಿದೆ ಎಂದು ಅವರ ಆರೋಪ. 1647ರಲ್ಲಿ ಇಂಗ್ಲೆಂಡಿನ ಸಂಸತ್ತು ಕ್ರಿಸ್ಮಸ್ಸನ್ನೇ ರದ್ದು ಮಾಡಿತು. ಆ ಡಿಸೆಂಬರ್‌ನಲ್ಲಿ ಕ್ಯಾಂಟರ್‌ಬರಿಯ ಜನ ದಂಗೆ ಎದ್ದರು. ಅಂಗಡಿ ತೆರೆಯಿರಿ ಎಂದು ಆಜ್ಞೆಯಾಗಿತ್ತು. ತೆರೆದವರ ಸಾಮಾನನ್ನು ಜನ ಬೀದಿಗೆ ಎಸೆದರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್ಮಸ್ ಆಚರಿಸಿದರೆ ಐದು ಶಿಲಿಂಗ್ ದಂಡ. ಸ್ಕಾಟ್ಲೆಂಡಿನಲ್ಲಿ ಈ ದಿನಕ್ಕೆ ಸರಕಾರಿ ರಜೆ ಸಿಕ್ಕಿದ್ದೇ 1958ರಲ್ಲಿ.

ನಮ್ಮ ಗುಂಪಿಗೆ ಪಟ್ಟಿ ಕಳಿಸುವ ಸೋದರಮಾವನಿಗೆ ಒಮ್ಮೆ ಇದನ್ನು ಹೇಳಿದೆ. ‘ಮಾವ, ನೀವು ಕಳಿಸಿದ್ದು ಮುನ್ನೂರೈವತ್ತು ವರ್ಷ ಹಳೆಯ ಪಾದ್ರಿಗಳ ಭಾಷಣ’ ಅಂದೆ. ಒಂದು ದಿನ ಅವರು ಸುಮ್ಮನಿದ್ದರು. ಮರುದಿನ ಇನ್ನೊಂದು ಪಟ್ಟಿ ಬಂತು.

ಅದೇ ಸಂಜೆ ಪಕ್ಕದ ಮನೆಯ ಬಾಯಮ್ಮ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ ಕಳಿಸಿದರು. ಹುಳದ ಆಕಾರದ ಕಿಡಿಯೊ, ಗುಂಡಗಿನ ಗುಳಿಯೊ, ನೆವ್ರಿ. ನೆವ್ರಿ ಅಂದರೆ ನಮ್ಮ ಕರ್ಜಿಕಾಯಿಯೇ. ಒಂದು ಬದಿಗೆ ಚಕ್ಕುಲಿ. ಅಮ್ಮ ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡು, ‘ನಮ್ಮ ಅಷ್ಟಮಿಯದ್ದಕ್ಕಿಂತ ಗರಿಗರಿ ಆಗಿದೆ, ಬೆಣ್ಣೆ ಎಷ್ಟು ಹಾಕಿದ್ರು ಅಂತ ಕೇಳಿ ಬಾ’ ಅಂದರು. ಖಾಲಿ ತಟ್ಟೆ ಹಿಡಿದು ಹೋಗಬಾರದು ಎಂದು ಅದರಲ್ಲಿ ನಾಲ್ಕು ಬಾಳೆಹಣ್ಣು ಇಟ್ಟರು.